ಅಗಲ ಕೇಳುವ ಮೊದಲು ನೆಲ ಅಳೆದೆವು: ನಾಲೆ ಬಯಲಿನ ಒಂದು ರಸ್ತೆಯ ಪ್ರಕರಣ

ಮಂಡ್ಯ ಜಿಲ್ಲೆಯ ನಾಲೆ ಬಯಲಿನಲ್ಲಿರುವ ನಮ್ಮ ಊರಿನಿಂದ ರಾಜ್ಯ ಹೆದ್ದಾರಿಯ ಕೂಡುರಸ್ತೆಗೆ ಆರು ಕಿಲೋಮೀಟರ್ ಚಿಲ್ಲರೆ ದೂರ. ಊರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಪ್ರಕರಣದಲ್ಲಿ ನೆಲ ಬಿಟ್ಟುಕೊಟ್ಟವರೂ ಇದ್ದಾರೆ, ಬಿಡಲಾಗದವರೂ ಇದ್ದಾರೆ. ಇಬ್ಬರೂ ನನ್ನ ನೆರೆಯವರು.

ರಸ್ತೆಯ ಮೇಲಿದ್ದ ಡಾಂಬರಿನ ಅಗಲ ಮೂರು ಮೀಟರ್. ಮೋಟಾರು ವಾಹನ ನಿಯಮದ ಪ್ರಕಾರ ಒಂದು ಬಸ್ಸು ಅಥವಾ ಲಾರಿ 2.6 ಮೀಟರ್ ಅಗಲದವರೆಗೆ ಇರಬಹುದು. ಅಂದರೆ ಬಸ್ಸೊಂದು ಬಂದರೆ ರಸ್ತೆ ತುಂಬಿತು. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಇಬ್ಬರಲ್ಲಿ ಒಬ್ಬರು ಡಾಂಬರು ಬಿಟ್ಟು ಕೆಳಗಿಳಿಯಲೇಬೇಕು. ಮಳೆ, ಗಾಡಿಚಕ್ರ ಎರಡೂ ಸೇರಿ ಅಂಚಿನ ಮಣ್ಣನ್ನು ಒಂದು ಗೇಣಿನಷ್ಟು ಕೊರೆದುಬಿಟ್ಟಿದ್ದವು. ದೊಡ್ಡ ವಾಹನ ಹೇಗೋ ಇಳಿದು ಹತ್ತುತ್ತದೆ. ಹಾಲಿನ ಕ್ಯಾನು ನೇತುಹಾಕಿಕೊಂಡು ಬೆಳಗಿನ ಐದೂವರೆಗೆ ಡೇರಿಗೆ ಹೋಗುವ ಮೊಪೆಡ್ ಇಳಿದರೆ ಬೀಳುತ್ತದೆ. ಕೂಡುರಸ್ತೆಯ ಕಡೆಯ ಮೊದಲ ಭಾಗದಲ್ಲಿ ಬಿದ್ದರೆ ಬೀಳುವುದು ನಾಲೆಗೆ.

ನಾನು ಗ್ರಾಮೀಣ ರಸ್ತೆಗಳ ಕೆಲಸದಲ್ಲೇ ಎಂಜಿನಿಯರ್ ಆಗಿ ದುಡಿದು, ನಿವೃತ್ತನಾಗಿ ಊರಿಗೆ ಮರಳಿದವನು. ಮೂವತ್ತಕ್ಕೂ ಹೆಚ್ಚು ವರ್ಷ ಮೇಜಿನ ಆಚೆ ಕುಳಿತು ಜನರ ಅರ್ಜಿಗಳನ್ನು ತೆಗೆದುಕೊಂಡಿದ್ದೆ. ಈಚೆ ನಿಂತು ಅರ್ಜಿ ಕೊಡುವಾಗ ನನಗೆ ಗೊತ್ತಿದ್ದದ್ದು ಎಷ್ಟು, ಗೊತ್ತಿಲ್ಲದ್ದು ಎಷ್ಟು ಎಂಬುದು ತಿಳಿಯಿತು. ಇನ್ನೊಂದು ಊರಿನವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲ ಅರ್ಜಿ

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅದು ಶನಿವಾರ ಮಧ್ಯಾಹ್ನ. ಸತ್ತವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ನಮ್ಮ ಜಿಲ್ಲೆಯಲ್ಲಿ ವಿ.ಸಿ. ನಾಲೆ ಎಂದರೆ ಅನ್ನ. ಕನ್ನಂಬಾಡಿ ಕಟ್ಟೆಯ ನೀರು ಆ ನಾಲೆಯಲ್ಲಿ ಹರಿದ ಮೇಲೆಯೇ ಇಲ್ಲಿನ ಬೆದ್ದಲು ಗದ್ದೆಯಾದದ್ದು. ಆ ದಿನದಿಂದ ನಾಲೆಯ ಏರಿಯ ಮೇಲೆ ಬಸ್ಸು ಹೋಗುವಾಗ ಹೆಂಗಸರು ಮಕ್ಕಳನ್ನು ಮಡಿಲಿಗೆ ಎಳೆದುಕೊಳ್ಳುವುದನ್ನು ನಾನೇ ನೋಡಿದ್ದೇನೆ.

ನಮ್ಮ ಊರಿನಲ್ಲಿ ಪಂಚಾಯಿತಿ ಕಟ್ಟೆಯ ಮೇಲೆ ಸಭೆ ಸೇರಿತು. ಒಂದು ಹಾಳೆಯ ಅರ್ಜಿ ತಯಾರಾಯಿತು. ‘ರಸ್ತೆ ಬಹಳ ಕಿರಿದಾಗಿದ್ದು ಅಪಘಾತಗಳು ಸಂಭವಿಸುತ್ತಿವೆ, ಆದಕಾರಣ ಅಗಲೀಕರಣ ಮಾಡಿಕೊಡಬೇಕು’ ಎಂದು ಬರೆದು, ಹಿಂದೆ ನಾಲ್ಕು ಹಾಳೆ ಸಹಿ, ಹೆಬ್ಬೆಟ್ಟು. ಎರಡು ತಿಂಗಳ ಮೇಲೆ ಉತ್ತರ ಬಂತು: ಅನುದಾನದ ಲಭ್ಯತೆ ನೋಡಿಕೊಂಡು ಕ್ರಮ ವಹಿಸಲಾಗುವುದು.

ಊರವರು ಸಿಟ್ಟಾದರು. ನನಗೆ ಸಿಟ್ಟು ಬರಲಿಲ್ಲ, ಬೇಸರವಾಯಿತು. ಏಕೆಂದರೆ ಅಂಥ ಉತ್ತರಗಳ ಕರಡನ್ನು ನಾನೇ ಎಷ್ಟೋ ಸಲ ಬರೆದಿದ್ದೆ. ಅದನ್ನು ಬರೆಯುವವನಿಗೆ ಬೇರೆ ದಾರಿ ಇರುವುದಿಲ್ಲ. ಆ ಒಂದು ಹಾಳೆಯಲ್ಲಿ ರಸ್ತೆಯ ಸಂಖ್ಯೆ ಇಲ್ಲ, ಉದ್ದ ಇಲ್ಲ, ಜಾಗ ಯಾರದೆಂದು ಇಲ್ಲ, ದಿನಕ್ಕೆ ಎಷ್ಟು ಗಾಡಿ ಓಡುತ್ತವೆಂದು ಇಲ್ಲ. ಸಂಕಟ ಮಾತ್ರ ಇತ್ತು. ಸಂಕಟ ನಿಜವಾದದ್ದೇ, ಆದರೆ ಅನುದಾನದ ಪಟ್ಟಿಯಲ್ಲಿ ಸಂಕಟಕ್ಕೆ ಒಂದು ಕಾಲಂ ಇಲ್ಲ.

ರಸ್ತೆ ಯಾರದು?

ಮರುವಾರ ಪಿಡಿಒ ಅವರ ಜೊತೆ ಕುಳಿತು ದಾಖಲೆ ತೆಗೆದೆವು. ಊರಿನವರ ಪಾಲಿಗೆ ಒಂದೇ ಆದ ರಸ್ತೆ ಕಾಗದದಲ್ಲಿ ಮೂರು ತುಂಡು. ಕೂಡುರಸ್ತೆಯಿಂದ ಮೊದಲ 1.1 ಕಿ.ಮೀ. ಉಪನಾಲೆಯ ಏರಿ. ಅದು ನೀರಾವರಿಯವರು ನಾಲೆಯನ್ನು ನೋಡಿಕೊಳ್ಳಲು ಮಾಡಿಕೊಂಡ ಪರಿಶೀಲನಾ ದಾರಿ. ಮೇಲೆ ಡಾಂಬರು ಬಿದ್ದು, ಬಸ್ಸು ಓಡಾಡಿ ಎಷ್ಟೋ ವರ್ಷ ಆಗಿದ್ದರೂ ಲೆಕ್ಕದಲ್ಲಿ ಅದು ರಸ್ತೆಯೇ ಅಲ್ಲ. ಅಲ್ಲಿಂದ ಮುಂದೆ 4.3 ಕಿ.ಮೀ. ಜಿಲ್ಲಾ ಪಂಚಾಯಿತಿಯ ರಸ್ತೆ, ಜಿಲ್ಲೆಯ ಗ್ರಾಮೀಣ ರಸ್ತೆ ಯೋಜನೆಯ ಪಟ್ಟಿಯಲ್ಲಿ ಸಂಖ್ಯೆ ಸಮೇತ ಇತ್ತು. ಕೊನೆಯ 800 ಮೀಟರ್ ಊರೊಳಗಿನ ಬೀದಿ, ಗ್ರಾಮ ಪಂಚಾಯಿತಿಯದು.

ನಮ್ಮ ಅರ್ಜಿ ಎರಡನೆಯ ತುಂಡಿನ ಕಚೇರಿಗೆ ಹೋಗಿತ್ತು. ಸಾವಿನ ಭಯ ಇದ್ದದ್ದು ಮೊದಲ ತುಂಡಿನಲ್ಲಿ. ಗ್ರಾಮೀಣ ರಸ್ತೆಯ ಹಣವನ್ನು ನಾಲೆಯ ಏರಿಯ ಮೇಲೆ ಸುರಿಯಬೇಕಾದರೆ ಏರಿಯ ಒಡೆತನದವರ ನಿರಾಕ್ಷೇಪಣಾ ಪತ್ರ ಬೇಕು. ಅವರು ಕೊಡಲು ಹಿಂಜರಿಯುತ್ತಾರೆ, ಮತ್ತು ಆ ಹಿಂಜರಿಕೆಗೆ ಕಾರಣವಿದೆ: ಏರಿಯನ್ನು ಅಗೆದು ಅಗಲ ಮಾಡಿದರೆ ಮಣ್ಣಿನ ಕಟ್ಟು ಸಡಿಲವಾಗಿ ನೀರು ಜಿನುಗಬಹುದು, ನಾಲೆ ಒಡೆದರೆ ಕೆಳಗಿನ ಗದ್ದೆಗಳು ಮುಳುಗುತ್ತವೆ. ರಸ್ತೆಯ ಎಂಜಿನಿಯರ್ ಆಗಿದ್ದಾಗ ನನಗೆ ಇದು ತಕರಾರಿನಂತೆ ಕಾಣುತ್ತಿತ್ತು. ನಾಲೆಯ ಕೆಳಗೆ ಗದ್ದೆ ಇಟ್ಟುಕೊಂಡ ಮೇಲೆ ಅರ್ಥವಾಯಿತು.

ಆದ್ದರಿಂದ ಕೋರಿಕೆಯನ್ನು ಒಡೆದೆವು. 4.3 ಕಿ.ಮೀ. ಅಗಲೀಕರಣಕ್ಕೆ ಒಂದು ಪ್ರಸ್ತಾವ. ಏರಿಯ ಮೇಲೆ ಅಗಲ ಕೇಳದೆ, ನಾಲೆಯ ಬದಿಗೆ ತಡೆಗೋಡೆ ಮಾತ್ರ ಕೇಳುವ ಇನ್ನೊಂದು ಪ್ರಸ್ತಾವ, ಬೇರೆ ಕಚೇರಿಗೆ. ಊರೊಳಗಿನ ಬೀದಿಯನ್ನು ಪಂಚಾಯಿತಿಯೇ ನೋಡಿಕೊಳ್ಳುವುದು. ಗ್ರಾಮ ಸಭೆಯಲ್ಲಿ ಇದಕ್ಕೆ ಬಲವಾದ ವಿರೋಧ ಬಂತು. ‘ಒಂದೇ ರಸ್ತೆಯನ್ನು ಮೂರು ಭಾಗ ಮಾಡಿದರೆ ಮೂರೂ ಆಗುವುದಿಲ್ಲ’ ಎಂದು ಹಿರಿಯರೊಬ್ಬರು ಎದ್ದು ನಿಂತು ಹೇಳಿದರು. ಅವರ ಮಾತು ಪೂರ್ತಿ ಸುಳ್ಳಾಗಲಿಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಹಣ ಎಲ್ಲಿಂದ

ಹಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಇರುವುದು ಶಾಸಕರ ನಿಧಿ. ವರ್ಷಕ್ಕೆ 2 ಕೋಟಿ, ಅದರಲ್ಲಿ ಇಡೀ ಕ್ಷೇತ್ರ ತೂಗಬೇಕು. ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಅದರ ಕೆಳಗೆ ಸಾಮಾನ್ಯವಾಗಿ ಎಂಟು ವಿಧಾನಸಭಾ ಕ್ಷೇತ್ರಗಳು. ಉದ್ಯೋಗ ಖಾತರಿಯಲ್ಲಿ ಮಣ್ಣಿನ ಕೆಲಸ ಮಾಡಿಸಬಹುದಿತ್ತು, ಆದರೆ ಸಾಮಗ್ರಿಯ ವೆಚ್ಚ ಶೇ. 40 ಮೀರುವಂತಿರಲಿಲ್ಲ. ಜಲ್ಲಿ, ಡಾಂಬರು ಎಂದರೆ ಬಹುಪಾಲು ಸಾಮಗ್ರಿಯೇ. ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿ 1995–96ರಿಂದ ಇದೆ, ಅದರಿಂದ ಎಷ್ಟೋ ಸೇತುವೆ, ರಸ್ತೆಗಳಾಗಿವೆ. ಆದರೆ ಅದು ರಾಜ್ಯ ಸರ್ಕಾರಕ್ಕೆ ಕೊಡುವ ಸಾಲ, ಹಳ್ಳಿಯವರು ನೇರವಾಗಿ ಕೇಳುವಂಥದ್ದಲ್ಲ.

ನಮ್ಮ ಅದೃಷ್ಟಕ್ಕೆ 2019ರ ಜುಲೈಯಲ್ಲಿ ಕೇಂದ್ರ ಸಂಪುಟ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಈ ಯೋಜನೆ 2000ದ ಡಿಸೆಂಬರ್ 25ರಂದು ಶುರುವಾದಾಗ ಅದರ ಗುರಿ ರಸ್ತೆಯೇ ಇಲ್ಲದ ಹಳ್ಳಿಗೆ ರಸ್ತೆ ಕೊಡುವುದು. ಮೂರನೇ ಹಂತದ ಗುರಿ ಬೇರೆ: ಇರುವ ರಸ್ತೆಗಳಲ್ಲಿ ಹೆಚ್ಚು ಹಳ್ಳಿಗಳ ಓಡಾಟ ಹೊರುವಂಥವನ್ನು ಆರಿಸಿ ಮೇಲ್ದರ್ಜೆಗೇರಿಸುವುದು. ದೇಶಕ್ಕೆಲ್ಲ ಸೇರಿ 1,25,000 ಕಿ.ಮೀ., ಅಂದಾಜು ವೆಚ್ಚ 80,250 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಕಿಲೋಮೀಟರ್‌ಗೆ ಸರಾಸರಿ 64 ಲಕ್ಷ. ನಮ್ಮಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಶಾಸಕರ ನಿಧಿಯಲ್ಲಿ ನಮ್ಮ ರಸ್ತೆ ಮಾಡಬೇಕಿದ್ದರೆ ಒಂದು ವರ್ಷದ ಪೂರ್ತಿ ಹಣವೂ ಸಾಲುತ್ತಿರಲಿಲ್ಲ ಎಂಬುದನ್ನು ಈ ಒಂದು ಭಾಗಾಕಾರ ಊರಿಗೆ ತೋರಿಸಿತು. ಅದುವರೆಗೆ ಶಾಸಕರನ್ನು ಬೈಯುತ್ತಿದ್ದವರು ಸುಮ್ಮನಾದರು.

ಈ ಯೋಜನೆಯಲ್ಲಿ ರಸ್ತೆಗಳು ಅಂಕದ ಮೇಲೆ ನಿಲ್ಲುತ್ತವೆ. ರಸ್ತೆ ಯಾವ ಯಾವ ಜನವಸತಿಗಳನ್ನು ಮುಟ್ಟುತ್ತದೆ, ಅಲ್ಲಿನ ಜನಸಂಖ್ಯೆ ಎಷ್ಟು, ದಾರಿಯಲ್ಲಿ ಕೃಷಿ ಮಾರುಕಟ್ಟೆ ಇದೆಯೇ, ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜು ಇದೆಯೇ, ಆಸ್ಪತ್ರೆ ಇದೆಯೇ ಎಂದು ಲೆಕ್ಕ ಹಾಕಿ ಆದ್ಯತಾ ಪಟ್ಟಿ ತಯಾರಿಸುತ್ತಾರೆ. ಸೌಲಭ್ಯಗಳನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದು ನಕ್ಷೆಯ ಮೇಲೆ ಗುರುತಿಸಬೇಕು. ನಮ್ಮ ರಸ್ತೆಯ ಅಂಕ ಕಡಿಮೆ ಬಂದಿತ್ತು. ಯಾಕೆಂದು ಹುಡುಕಿದರೆ, ಪದವಿಪೂರ್ವ ಕಾಲೇಜನ್ನು ಯಾರೋ ಪಕ್ಕದ ಊರಿನ ಚುಕ್ಕೆಯ ಮೇಲೆ ಗುರುತಿಸಿದ್ದರು. ಗದ್ದೆಗಳ ಮೇಲೆ ನೇರವಾಗಿ ನೋಡಿದರೆ ಎರಡೂ ಊರು ಹತ್ತಿರ, ಕಾಲೇಜು ಇರುವುದು ನಮ್ಮ ರಸ್ತೆಯ ಮೇಲೆ. ವಾರದ ಸಂತೆಯ ಮೈದಾನ ನಕ್ಷೆಯಲ್ಲೇ ಇರಲಿಲ್ಲ. ಕಾಲೇಜಿನ ಉಪನ್ಯಾಸಕರೊಬ್ಬರು, ಪಂಚಾಯಿತಿಯ ಕರವಸೂಲಿಗಾರರೊಬ್ಬರು ಸೇರಿ ಎರಡು ದಿನ ಓಡಾಡಿ ಸರಿಯಾದ ಜಾಗದ ಚಿತ್ರ, ಕಾಗದ ಕೊಟ್ಟ ಮೇಲೆ ತಿದ್ದುಪಡಿಯಾಯಿತು. ಪಟ್ಟಿಯಲ್ಲಿ ರಸ್ತೆ ಮೇಲೇರಿತು. ಯಾರ ಶಿಫಾರಸೂ ಇಲ್ಲದೆ ಏರಿತು ಎನ್ನಲಾರೆ, ಸಂಸದರ ಅಭಿಪ್ರಾಯ ಪಡೆಯುವುದು ಈ ಯೋಜನೆಯ ಕ್ರಮವೇ ಆಗಿದೆ, ಅವರ ಪತ್ರವೂ ಬಂತು. ಆದರೆ ಕಾಲೇಜು ತಪ್ಪು ಊರಿನಲ್ಲಿ ಉಳಿದಿದ್ದರೆ ಪತ್ರದಿಂದ ಹೆಚ್ಚೇನೂ ಆಗುತ್ತಿರಲಿಲ್ಲ.

ಒಂದು ಗಾಡಿ ಹದಿನಾರು ಬೈಕು

ಪಟ್ಟಿಗೆ ಸೇರುವುದು ಬೇರೆ, ಅಗಲ ಸಿಗುವುದು ಬೇರೆ. ಗ್ರಾಮೀಣ ರಸ್ತೆಯ ಸಾಮಾನ್ಯ ಅಗಲ 3.75 ಮೀಟರ್. ಮೂರಿದ್ದದ್ದು ಮುಕ್ಕಾಲು ಮೀಟರ್ ಹೆಚ್ಚಾದರೆ ಎರಡು ದೊಡ್ಡ ವಾಹನಗಳಿಗೆ ಆಗಲೂ ಸಾಲದು. ನಮಗೆ ಬೇಕಿದ್ದದ್ದು 5.5 ಮೀಟರ್. ಅದಕ್ಕೆ ಸಂಚಾರದ ಲೆಕ್ಕ ಸಾಕ್ಷಿ ಹೇಳಬೇಕು.

ಭಾರತೀಯ ರಸ್ತೆ ಕಾಂಗ್ರೆಸ್‌ನ ಕೈಪಿಡಿ ಎಲ್ಲ ವಾಹನಗಳನ್ನೂ ಕಾರಿನ ಅಳತೆಗೆ ತಂದು ಎಣಿಸುತ್ತದೆ. ಕಾರು 1, ಬೈಕು ಅರ್ಧ, ಬಸ್ಸು ಅಥವಾ ಲಾರಿ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನಾಲ್ಕೂವರೆ, ಎತ್ತಿನ ಗಾಡಿ 8. ರಸ್ತೆಯ ಮೇಲೆ ಅದು ಹಿಡಿಯುವ ಜಾಗ, ಹಿಂದಿನವರನ್ನು ನಿಧಾನಿಸುವ ಬಗೆ ನೋಡಿ ಕೊಟ್ಟ ತೂಕ ಇದು. ಒಂದೇ ಸಾಲಿನ ರಸ್ತೆ ಬಯಲು ಸೀಮೆಯಲ್ಲಿ ದಿನಕ್ಕೆ ಸುಮಾರು 2000 ಕಾರಿನಷ್ಟು ಸಂಚಾರವನ್ನು ತಾಳುತ್ತದೆ, 5.5 ಮೀಟರಿನ ರಸ್ತೆ 6000ದವರೆಗೆ.

ಕಚೇರಿಯಿಂದ ಮೊದಲ ಎಣಿಕೆ ನಡೆದದ್ದು ಏಪ್ರಿಲ್‌ನಲ್ಲಿ. ಕಾಲೇಜಿಗೆ ರಜೆ, ನಾಲೆಗೆ ನೀರಿಲ್ಲ, ಆಲೆಮನೆಗಳಲ್ಲಿ ಬಹಳಷ್ಟು ಒಲೆ ಹಚ್ಚಿರಲಿಲ್ಲ. ಫಲಿತಾಂಶ 2000ಕ್ಕಿಂತ ಎಷ್ಟೋ ಕೆಳಗೆ. ಎಣಿಸಿದವರು ತಪ್ಪು ಮಾಡಲಿಲ್ಲ, ಕಂಡದ್ದನ್ನು ಎಣಿಸಿದರು. ಕಾಲ ತಪ್ಪಾಗಿತ್ತು. ಹಳ್ಳಿ ರಸ್ತೆಯ ಎಣಿಕೆಯನ್ನು ಸುಗ್ಗಿಯಲ್ಲೂ ಬಿಡುವಿನ ಕಾಲದಲ್ಲೂ ಮಾಡಬೇಕೆಂಬುದು ನಿಯಮದಲ್ಲೇ ಇದೆ. ಕೆಲಸದ ಒತ್ತಡದಲ್ಲಿ ಅದು ಒಂದೇ ಸಲಕ್ಕೆ ಮುಗಿದುಹೋಗುತ್ತದೆ. ನಾನು ಸೇವೆಯಲ್ಲಿದ್ದಾಗಲೂ ಹಾಗೆ ಮುಗಿಸಿದ್ದುಂಟು, ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಕಬ್ಬು ಕಡಿಯುವ ಕಾಲ ಬಂದಾಗ ನಾವೇ ಎಣಿಸಿದೆವು. ಹಾಲು ಉತ್ಪಾದಕರ ಸಂಘದ ಮುಂದಿನ ಜಗಲಿ ನಮ್ಮ ಠಾಣೆ. ಸತತ ಮೂರು ದಿನ, ಇಪ್ಪತ್ತನಾಲ್ಕು ಗಂಟೆ, ಎಂಟು ಗಂಟೆಗೊಂದು ಪಾಳಿ, ಪಾಳಿಗೆ ಇಬ್ಬರು ಹುಡುಗರು. ಒಂದೊಂದು ಬಗೆಯ ವಾಹನಕ್ಕೆ ಒಂದೊಂದು ಸಾಲು, ನಾಲ್ಕು ಗೀಟಿಗೆ ಅಡ್ಡಗೀಟು. ರಾತ್ರಿ ಎರಡು ಗಂಟೆಗೂ ಆಲೆಮನೆಯ ಗಾಡಿಗಳು ಗಂಟೆ ಅಲ್ಲಾಡಿಸಿಕೊಂಡು ಹೋಗುತ್ತಿದ್ದವು. ಒಂದು ದಿನಕ್ಕೆ ಅರವತ್ತು ಗಾಡಿ ಎಂದರೆ ಲೆಕ್ಕದಲ್ಲಿ 480. ನಲವತ್ತು ಟ್ರ್ಯಾಕ್ಟರ್ ಎಂದರೆ 180. ನಮ್ಮ ಹುಡುಗರಲ್ಲಿ ಒಬ್ಬ ಗುಣಿಸಿ ನೋಡಿ, ‘ಅಣ್ಣ, ನಮ್ಮ ತಾತನ ಒಂದು ಗಾಡಿ ಹದಿನಾರು ಬೈಕಿಗೆ ಸಮ’ ಎಂದು ಆಶ್ಚರ್ಯಪಟ್ಟ. ಗಾಡಿ ಹೊಡೆಯುವುದು ಹಿಂದುಳಿದವರ ಕೆಲಸ ಎಂದುಕೊಂಡಿದ್ದ ಹುಡುಗ ಅವನು. ನಮ್ಮ ರಸ್ತೆಗೆ ಅಗಲ ಕೊಡಿಸಿದ್ದು ಕಾರುಗಳಲ್ಲ, ಎತ್ತುಗಳು.

ಊರವರ ಎಣಿಕೆಯನ್ನು ಕಚೇರಿ ಹಾಗೆಯೇ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆದರೆ ದಿನ, ಗಂಟೆ, ಪಾಳಿಯವರ ಸಹಿ ಸಮೇತ ಇದ್ದ ಆ ನೋಟ್‌ಪುಸ್ತಕ ನೋಡಿ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಮರುಎಣಿಕೆಗೆ ಬರೆದರು. ಸುಗ್ಗಿಯ ಆ ಎಣಿಕೆಯೂ, ಮುಂದಿನ ಹತ್ತು ವರ್ಷದ ಬೆಳವಣಿಗೆ ಸೇರಿಸಿ ಮಾಡಿದ ಲೆಕ್ಕವೂ 2000ವನ್ನು ದಾಟಿದವು.

ನೆಲ

ಇಡೀ ಪ್ರಕರಣದಲ್ಲಿ ಕಷ್ಟವಾದದ್ದು ಇದು, ಬರೆಯುವಾಗಲೂ ಕಷ್ಟ. ಗ್ರಾಮ ಸಡಕ್ ಯೋಜನೆಯಲ್ಲಿ ಭೂಸ್ವಾಧೀನಕ್ಕೆ ಹಣವಿಲ್ಲ. ಜಾಗ ಒದಗಿಸುವುದು ರಾಜ್ಯದ ಜವಾಬ್ದಾರಿ. ನಡೆಯುವುದೇನೆಂದರೆ, ಆ ಜವಾಬ್ದಾರಿ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಅಲ್ಲಿಂದ ಊರಿಗೆ ಇಳಿದು ಕೊನೆಗೆ ರಸ್ತೆ ಪಕ್ಕದ ಹೊಲದವನ ಹೆಗಲ ಮೇಲೆ ಕೂರುತ್ತದೆ.

5.5 ಮೀಟರ್ ಡಾಂಬರು, ಎರಡೂ ಕಡೆ ಒಂದೊಂದು ಮೀಟರ್ ಗಟ್ಟಿ ಮಣ್ಣು, ಅದರಾಚೆ ಚರಂಡಿ. ಎಲ್ಲ ಸೇರಿ ಹತ್ತು ಮೀಟರ್ ಬೇಕು. ಗ್ರಾಮ ನಕ್ಷೆ ತೆಗೆಸಿದೆವು. ಹಳೆಯ ಬಂಡಿ ದಾರಿ ನಕ್ಷೆಯಲ್ಲಿ ಎರಡು ಗೆರೆಯಾಗಿ ಸ್ಪಷ್ಟವಾಗಿತ್ತು, ಪಹಣಿಯಲ್ಲಿ ಅಕ್ಕಪಕ್ಕದ ಸರ್ವೆ ನಂಬರುಗಳಲ್ಲಿ ಬಿ ಖರಾಬು ಎಂದು ದಾಖಲಾಗಿತ್ತು. ಬಿ ಖರಾಬು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ, ಅದರ ಮೇಲೆ ಹಿಡುವಳಿದಾರನಿಗೆ ಹಕ್ಕಿಲ್ಲ. ಭೂಮಾಪಕರು ಬಂದು ಸರಪಳಿ ಎಳೆದು ಕಲ್ಲು ನೆಟ್ಟ ಮೇಲೆ ತಿಳಿದದ್ದು: ರಸ್ತೆಯ ಬಹುಪಾಲು ಉದ್ದಕ್ಕೆ ಬೇಕಾದ ನೆಲ ಮೊದಲಿನಿಂದಲೂ ಸರ್ಕಾರದ್ದೇ. ನಾವು ಎರಡೂ ಕಡೆಯಿಂದ ವರ್ಷಕ್ಕೊಂದು ನೇಗಿಲ ಸಾಲಿನಂತೆ ಅದನ್ನು ಒಳಗೆ ಹಾಕಿಕೊಂಡಿದ್ದೆವು. ನಮ್ಮ ತೋಟದ ಬೇಲಿಯೂ ಕಲ್ಲಿನಿಂದ ಆರು ಅಡಿ ರಸ್ತೆಯ ಕಡೆಗಿತ್ತು. ಅಪ್ಪನ ಕಾಲದ ಬೇಲಿ ಅದು. ಮೊದಲು ಅದನ್ನೇ ಕೀಳಿಸಿದೆ. ಕೀಳಿಸದೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುವ ಮುಖ ನನಗಿರಲಿಲ್ಲ.

ಖಾಸಗಿ ನೆಲ ಬೇಕಾದದ್ದು ಎರಡು ತಿರುವುಗಳಲ್ಲಿ ಮಾತ್ರ. ಎರಡನೆಯ ತಿರುವಿನ ಒಳಮೂಲೆಯಲ್ಲಿ ಒಬ್ಬ ವಯಸ್ಸಾದ ತಾಯಿಯ 11 ಗುಂಟೆ ಗದ್ದೆ. ತಿರುವನ್ನು ನೇರ ಮಾಡಲು ಎರಡೂವರೆ ಮೀಟರ್ ಅಗಲ, ನಲವತ್ತು ಮೀಟರ್ ಉದ್ದ ಬೇಕು. ಹತ್ತಿರ ಹತ್ತಿರ ಒಂದು ಗುಂಟೆ. ಹನ್ನೊಂದರಲ್ಲಿ ಒಂದು.

ಪಂಚಾಯಿತಿಯಿಂದ ನಾಲ್ಕು ಜನ ಹೋದೆವು. ಆಕೆ ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. ಎಲ್ಲ ಕೇಳಿಸಿಕೊಂಡು ಹೇಳಿದರು: ‘ಅಪ್ಪಾ, ಹೋದ ವರ್ಷ ಆ ತಿರುವಿನಲ್ಲಿ ಬಿದ್ದ ಹುಡುಗಿಯನ್ನು ಎತ್ತಿ ನೀರು ಕುಡಿಸಿದವಳು ನಾನು. ರಸ್ತೆ ಬೇಡ ಎನ್ನುವುದಿಲ್ಲ. ಆದರೆ ನೂರು ಗುಂಟೆ ಇರುವವನ ಒಂದು ಗುಂಟೆಯೂ ನನ್ನ ಒಂದು ಗುಂಟೆಯೂ ಒಂದೇನಾ?’

ಜೊತೆಗಿದ್ದವರೊಬ್ಬರು ದಾನಪತ್ರದ ನಮೂನೆ ಜೇಬಿನಿಂದ ತೆಗೆದಿದ್ದರು. ನಾನು ಅದನ್ನು ಮಡಚಿ ಒಳಗಿಡಿಸಿದೆ. ರಸ್ತೆಗೆ ನೆಲವನ್ನು ‘ಸ್ವಇಚ್ಛೆಯಿಂದ’ ಬಿಟ್ಟುಕೊಟ್ಟೆ ಎಂದು ಬರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಬಹಳ ಇದೆ. ಊರಿನ ಎಲ್ಲರೂ ಬಾಗಿಲಲ್ಲಿ ನಿಂತಾಗ ಒಂಟಿ ಹೆಂಗಸಿನ ಇಚ್ಛೆ ಎಷ್ಟು ಸ್ವಂತದ್ದು? 2013ರ ಭೂಸ್ವಾಧೀನ ಕಾಯ್ದೆ ಇರುವುದೇ ಇಂಥವರಿಗೆ ಬೆಲೆ ಸಿಗಲೆಂದು. ಸಣ್ಣ ರಸ್ತೆಗೆ ಆ ದಾರಿ ಹಿಡಿದರೆ ತಡವಾಗುತ್ತದೆ, ಹಣ ಬೇರೆ ಕಡೆಯಿಂದ ತರಬೇಕು ಎಂದು ಎಲ್ಲರೂ ಅದನ್ನು ಬದಿಗೆ ಸರಿಸುತ್ತಾರೆ. ತಡವನ್ನು ತಪ್ಪಿಸಲು ಬಡವರ ಗುಂಟೆ ತೆಗೆದುಕೊಳ್ಳುವುದು ನನಗೆ ಸರಿಕಾಣಲಿಲ್ಲ, ಇಂದಿಗೂ ಸರಿಕಾಣುವುದಿಲ್ಲ.

ಮತ್ತೆ ಅಳತೆ ತೆಗೆದೆವು. ತಿರುವಿನ ನಡುಗೆರೆಯನ್ನು ಹೊರಮೂಲೆಗೆ ಸರಿಸಿದರೆ ತಿರುವು ಪೂರ್ತಿ ನೇರವಾಗದಿದ್ದರೂ ಸಾಕಷ್ಟು ವಿಶಾಲವಾಗುತ್ತಿತ್ತು. ಹೊರಗಿನ ಜಮೀನಿನವರಿಗೆ ಒಂಬತ್ತು ಎಕರೆ. ಅವರು ಎರಡು ತಿಂಗಳು ಆಡಿಸಿ ಕೊನೆಗೆ ಒಪ್ಪಿದರು, ತಮ್ಮ ಜಮೀನಿಗೆ ನೀರು ಹಾಯುವ ಜಾಗದಲ್ಲಿ ರಸ್ತೆಯಡಿ ಮೋರಿ ಇಡಬೇಕೆಂಬ ಕರಾರಿನ ಮೇಲೆ. ಕರಾರು ನ್ಯಾಯವಾದದ್ದು, ಅಂದಾಜು ಪಟ್ಟಿಗೆ ಸೇರಿತು. ಆ ತಾಯಿಯ ಗದ್ದೆಯಿಂದ ಏನೂ ಹೋಗಲಿಲ್ಲ. ಅವರಾಗಿಯೇ ಒಂದು ಮಾತು ಕೊಟ್ಟರು: ಒಳಮೂಲೆಯ ನಾಲ್ಕು ಸಾಲಿನಲ್ಲಿ ಇನ್ನು ಮೇಲೆ ಕಬ್ಬು ಹಾಕುವುದಿಲ್ಲ, ಅಲಸಂದೆ ಹಾಕುತ್ತೇನೆ ಎಂದು. ಆಳೆತ್ತರದ ಕಬ್ಬು ಇದ್ದಾಗ ಆ ತಿರುವಿನಲ್ಲಿ ಎದುರಿನದು ಕಾಣುವುದೇ ಇಲ್ಲ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಬರುವವನಿಗೆ ಬ್ರೇಕ್ ಹಾಕಿ ನಿಲ್ಲಲು 45 ಮೀಟರ್ ಕಾಣಬೇಕು ಎಂದು ಕೈಪಿಡಿ ಹೇಳುತ್ತದೆ. ಕೈಪಿಡಿ ಓದದ ಆಕೆ ಅದಕ್ಕೆ ಪರಿಹಾರ ಕೊಟ್ಟಿದ್ದರು.

ಕೆಂಪು ಚುಕ್ಕೆಗಳು

ಅಪಘಾತದ ಲೆಕ್ಕ ಕೇಳಿದಾಗ ಪೊಲೀಸ್ ಠಾಣೆಯಲ್ಲಿ ಸಿಕ್ಕ ಪ್ರಕರಣಗಳು ಬೆರಳೆಣಿಕೆ. ಸಾವಾದರೆ ಮಾತ್ರ ದೂರು ದಾಖಲಾಗುತ್ತದೆ. ಕೈ ಮುರಿದವನು ಪಟ್ಟು ಹಾಕಿಸಿಕೊಂಡು ಮನೆಯಲ್ಲಿ ಕೂರುತ್ತಾನೆ. ಹೆದ್ದಾರಿಯಲ್ಲಿ ‘ಕಪ್ಪು ಚುಕ್ಕೆ’ ಎಂದು ಗುರುತಿಸಲು ಒಂದು ಅಳತೆಯಿದೆ: ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು. ಹಳ್ಳಿ ರಸ್ತೆ ಆ ಅಳತೆಗೆ ಎಂದೂ ಮುಟ್ಟುವುದಿಲ್ಲ, ಮುಟ್ಟಬಾರದು ಕೂಡ.

ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗುವಾಗ ಒಂದು ಪ್ರಶ್ನೆ ಸೇರಿಸಿಕೊಂಡರು: ಐದು ವರ್ಷಗಳಲ್ಲಿ ಈ ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದಾರೆಯೇ, ಎಲ್ಲಿ, ಏನಾಯಿತು? ಹೆಸರು ಬರೆಯಲಿಲ್ಲ. ಜಾಗ, ವಾಹನ, ಗಾಯ ಇಷ್ಟೇ. ದೊಡ್ಡ ಹಾಳೆಯ ಮೇಲೆ ರಸ್ತೆಯನ್ನು ಬರೆದು ಒಂದೊಂದು ಬೀಳುವಿಕೆಗೂ ಒಂದು ಕೆಂಪು ಚುಕ್ಕೆ ಇಟ್ಟೆವು. ಚುಕ್ಕೆಗಳು ರಸ್ತೆಯುದ್ದಕ್ಕೂ ಹರಡಿರಲಿಲ್ಲ. ನಾಲೆ ಏರಿಯ ಕೊನೆ, ಆ ಎರಡನೆಯ ತಿರುವು, ರಸ್ತೆಗಿಂತ ಕಿರಿದಾಗಿದ್ದ ಒಂದು ಹಳೆಯ ಮೋರಿ, ಕಾಲೇಜಿನ ಗೇಟು. ಹೀಗೆ ನಾಲ್ಕು ಕಡೆ ಗುಂಪಾಗಿ ನಿಂತಿದ್ದವು.

ಆ ಹಾಳೆ ನನ್ನ ಯೋಚನೆಯನ್ನೇ ಬದಲಿಸಿತು. ಅಗಲವಾದರೆ ಸಾಕು ಎಂದು ನಾನೂ ನಂಬಿದ್ದೆ. ಕಾಲೇಜಿನ ಗೇಟಿನ ಮುಂದೆ ಬಿದ್ದವರು ಇಕ್ಕಟ್ಟಿನಿಂದ ಬಿದ್ದವರಲ್ಲ, ಅಲ್ಲಿ ರಸ್ತೆ ನೇರ, ಬೈಕುಗಳು ಜೋರಾಗಿ ಬರುತ್ತವೆ. ಅದನ್ನೇ 5.5 ಮೀಟರ್ ಮಾಡಿ ನುಣ್ಣಗೆ ಡಾಂಬರು ಹಾಕಿದರೆ ಇನ್ನೂ ಜೋರಾಗಿ ಬರುತ್ತವೆ. ಆದ್ದರಿಂದ ಪ್ರಸ್ತಾವದಲ್ಲಿ ಅಗಲದ ಜೊತೆಗೆ ಸ್ಪಷ್ಟವಾಗಿ ಬರೆದೆವು: ಗೇಟಿನ ಎರಡೂ ಕಡೆ ವೇಗತಡೆ, ಅದಕ್ಕೆ ಮೊದಲೇ ಎಚ್ಚರಿಕೆ ಫಲಕ, ಮಕ್ಕಳು ನಡೆಯಲು ಚರಂಡಿಯ ಮೇಲೆ ಹಾಸುಗಲ್ಲು, ಹಳೆಯ ಮೋರಿಯನ್ನು ಒಡೆದು ರಸ್ತೆಯ ಪೂರ್ತಿ ಅಗಲಕ್ಕೆ ಹೊಸದು, ಡಾಂಬರಿನ ಅಂಚಿಗೆ ಸಮನಾಗಿ ಗ್ರಾವೆಲ್ ತುಂಬುವುದು. ಈ ಕೊನೆಯದನ್ನು ಎರಡು ಸಲ ಬರೆದೆವು, ಏಕೆಂದರೆ ಕೆಲಸ ಮುಗಿಯುವ ಹೊತ್ತಿಗೆ ಕೈಬಿಟ್ಟುಹೋಗುವುದು ಅದೇ.

ರಸ್ತೆ ಬದಿಯ ಮರಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಕೇಳಿದೆವು. ಹೊಂಗೆಗಳು ಹೋದವು. ಒಂದು ದೊಡ್ಡ ಅರಳಿಮರವನ್ನು ಬಿಟ್ಟು ಚರಂಡಿಯನ್ನು ಅದರ ಹಿಂದೆ ತಿರುಗಿಸಿದರು. ವಿದ್ಯುತ್ ಕಂಬಗಳ ಸ್ಥಳಾಂತರಕ್ಕೆ ಅಂದಾಜು, ಠೇವಣಿ, ಗುತ್ತಿಗೆದಾರ ಎಂದು ಏಳು ತಿಂಗಳು ಹಿಡಿಯಿತು. ರಸ್ತೆ ಅಗಲವಾದ ಮೇಲೂ ಕೆಲವು ವಾರ ಮೂರು ಕಂಬ ಡಾಂಬರಿನೊಳಗೇ ನಿಂತಿದ್ದವು. ಅವಕ್ಕೆ ನಾವೇ ಬಿಳಿ ಬಣ್ಣ ಬಳಿದು, ರಾತ್ರಿ ಹೊಳೆಯುವ ಪಟ್ಟಿ ಅಂಟಿಸಿ ಕಾಯ್ದೆವು.

ಆದದ್ದು, ಆಗದೆ ಉಳಿದದ್ದು

ನಡುವೆ ಕೊರೊನಾ ಬಂದು ಒಂದು ವರ್ಷಕ್ಕೂ ಹೆಚ್ಚು ಹೋಯಿತು. ಕಡೆಗೆ 4.3 ಕಿ.ಮೀ.ಗೆ 5.5 ಮೀಟರ್ ಅಗಲ ಮಂಜೂರಾಗಿ, ಟೆಂಡರ್ ಆಗಿ, ಕೆಲಸ ಮುಗಿಯಿತು. ಈ ಯೋಜನೆಯ ಒಂದು ಒಳ್ಳೆಯ ಗುಣವೆಂದರೆ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕು. ಅದು ಫಲಕದ ಮೇಲೂ ಬರೆದಿರುತ್ತದೆ. ಮೊದಲ ಮಳೆಗಾಲದಲ್ಲಿ ಅಂಚಿನ ಗ್ರಾವೆಲ್ ಎರಡು ಕಡೆ ಕೊಚ್ಚಿಹೋದಾಗ ಚಿತ್ರ ತೆಗೆದು, ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆದು ಕಳಿಸಿದೆವು. ಹದಿನೈದು ದಿನದಲ್ಲಿ ತುಂಬಿದರು. ಎರಡನೆಯ ತಿರುವಿನಲ್ಲಿ ಈಗ ಬಸ್ಸೂ ಟ್ರ್ಯಾಕ್ಟರೂ ಎದುರಾದರೆ ಎರಡೂ ಡಾಂಬರಿನ ಮೇಲೆಯೇ ದಾಟುತ್ತವೆ. ಹಾಲಿನವರು ಕೆಳಗಿಳಿಯಬೇಕಾಗಿಲ್ಲ.

ಕಾಲೇಜಿನ ಮುಂದಿನ ವೇಗತಡೆಯೂ ಫಲಕವೂ ಆದವು. ಹಾಸುಗಲ್ಲು ಅಂದಾಜಿನಲ್ಲಿ ಇಳಿದುಹೋಯಿತು. ಪಂಚಾಯಿತಿಯ ಹಣದಲ್ಲಿ ಅರ್ಧ ಉದ್ದಕ್ಕೆ ಹಾಸಿದ್ದೇವೆ.

ನಾಲೆಯ ಏರಿ ಹಾಗೆಯೇ ಇದೆ. ಮೂರು ಮೀಟರ್ ಡಾಂಬರು, ಒಂದು ಬದಿಗೆ ನೀರು. ತಡೆಗೋಡೆಯ ಪ್ರಸ್ತಾವ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ತಾಂತ್ರಿಕ ಅಭಿಪ್ರಾಯಕ್ಕೆಂದು ಮರಳಿ ಬಂದಿದೆ. ಗ್ರಾಮ ಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದ ಹಿರಿಯರು ಈಗಲೂ ನನ್ನನ್ನು ಕಂಡಾಗ ಅದನ್ನೇ ಕೇಳುತ್ತಾರೆ. ಒಡೆದು ಕೇಳದಿದ್ದರೆ ಈ 4.3 ಕಿಲೋಮೀಟರೂ ಸಿಗುತ್ತಿರಲಿಲ್ಲ ಎಂದು ನಾನು ಹೇಳಬಲ್ಲೆ, ಹೇಳಿಯೂ ಇದ್ದೇನೆ. ಆದರೆ ಅಗಲವಾದ ರಸ್ತೆಯಿಂದ ವೇಗವಾಗಿ ಬಂದ ಬೈಕು ಒಮ್ಮೆಲೇ ಕಿರಿದಾದ ಏರಿಯನ್ನು ಹೊಗುತ್ತದೆ ಎಂಬ ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಸದ್ಯಕ್ಕೆ ಎರಡೂ ರಸ್ತೆ ಕೂಡುವ ಜಾಗದಲ್ಲಿ ‘ಮುಂದೆ ಕಿರಿದಾದ ರಸ್ತೆ’ ಫಲಕ ಹಾಕಿಸಿದ್ದೇವೆ, ನಾಲೆಯ ಅಂಚಿಗೆ ಹತ್ತು ಅಡಿಗೊಂದು ಸುಣ್ಣ ಬಳಿದ ಕಲ್ಲು ನೆಟ್ಟಿದ್ದೇವೆ. ಅದಕ್ಕೆ ಅಭ್ಯಂತರವಿಲ್ಲವೆಂದು ನಾಲೆಯ ಕಚೇರಿಯಿಂದ ಬರೆಸಿಕೊಂಡಿದ್ದೇವೆ. ಆ ಒಂದು ಸಾಲಿನ ಪತ್ರ ಈಗ ಕಡತದಲ್ಲಿ ಮೊದಲ ಹಾಳೆ.

ಆಶಾ ಕಾರ್ಯಕರ್ತೆಯರ ಪ್ರಶ್ನೆ ನಿಂತಿಲ್ಲ. ಹೊಸ ಹಾಳೆಯಲ್ಲಿ ಏರಿಯ 1.1 ಕಿಲೋಮೀಟರನ್ನು ಮಾತ್ರ ದೊಡ್ಡದಾಗಿ ಬರೆದಿದ್ದೇವೆ. ಕಬ್ಬು ಕಡಿಯಲು ಶುರುವಾದ ವಾರ ಹುಡುಗರು ಮತ್ತೆ ಜಗಲಿಯ ಮೇಲೆ ಕೂರುತ್ತಾರೆ, ಈ ಸಲ ಏರಿಯ ತುದಿಯಲ್ಲಿ.